ಲಿಂಕ್ ಒತ್ತಬೇಡಿ ಅನ್ನುವ ಬ್ಯಾಂಕೇ ಲಿಂಕ್ ಕಳಿಸಿದರೆ?

ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಅವರಿಗೆ,

ನಮಸ್ಕಾರ.

ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ವೆಬ್‌ಸೈಟನ್ನು ‘.ಬ್ಯಾಂಕ್.ಇನ್’ (.bank.in) ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಯಿಸಬೇಕು ಎಂದು ನೀವು ಆದೇಶ ಹೊರಡಿಸಿದ್ದು ಒಳ್ಳೆಯದೇ ಆಯಿತು. ಬ್ಯಾಂಕಿಂಗ್ ತಂತ್ರಜ್ಞಾನ ನೋಡಿಕೊಳ್ಳುವ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಬ್ಯಾಂಕುಗಳಿಗೆ ಮಾತ್ರ ಕೊಡುವ ಹೆಸರು ಅದು. ಆದರೆ ಖಾತೆ ಇರುವವರಿಗೆ ಇದು ಗೊತ್ತಾಗಬೇಕಲ್ಲ? ನಮ್ಮ ಶಾಖೆಯ ಗೋಡೆ ತುಂಬ ಚಿನ್ನದ ಸಾಲದ ಪೋಸ್ಟರ್‌ಗಳಿವೆ. ಇದರ ಬಗ್ಗೆ ಒಂದು ಚೀಟಿಯೂ ಇಲ್ಲ.

ಗೊತ್ತಿದ್ದವರೂ ಏಮಾರಬಹುದು. ‘ನಿಮ್ಮಬ್ಯಾಂಕ್.ಬ್ಯಾಂಕ್.ಇನ್.ಕೆವೈಸಿ-ಸೇವೆ.ಕಾಮ್/ಲಾಗಿನ್’ ಎಂಬ ವಿಳಾಸ ಬಂತು ಅಂತಿಟ್ಟುಕೊಳ್ಳಿ. ಸೈಟು ಯಾರದು ಅಂತ ತಿಳಿಯಲು ಆ ಸ್ಲ್ಯಾಶ್ ಗೆರೆಗಿಂತ (/) ಸ್ವಲ್ಪ ಮೊದಲಿರುವ ತುದಿ ನೋಡಬೇಕು. ಇಲ್ಲಿ ಸೈಟು ‘ಕೆವೈಸಿ-ಸೇವೆ.ಕಾಮ್’ನವರದು. ಅದಕ್ಕೂ ಮೊದಲಿರುವುದನ್ನು ಕಳ್ಳರು ಸುಮ್ನೆ ಅಂಟಿಸಿದ್ದಾರೆ. ನಾವು ಓದುವುದು ಎಡದಿಂದ, ಉದ್ದದ ವಿಳಾಸವಾದರೆ ಮೊಬೈಲ್ ಪರದೆಯಲ್ಲಿ ಪೂರ್ತಿ ಕಾಣುವುದೂ ಇಲ್ಲ. ಮೇಲ್ ಆಪ್‌ನಲ್ಲಂತೂ ಮೊದಲು ಕಾಣುವುದು ಕಳಿಸಿದವರ ಹೆಸರು ಮಾತ್ರ. ಆ ಹೆಸರನ್ನು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು.

ಇನ್ನು ಬ್ಯಾಂಕುಗಳ ವಿಷಯ. ‘ಅಪರಿಚಿತ ಲಿಂಕ್ ಒತ್ತಬೇಡಿ’ ಎಂದು ಎಸ್‌ಎಂಎಸ್ ಬರುತ್ತದೆ. ಅದರ ಬೆನ್ನಿಗೇ ಅದೇ ಬ್ಯಾಂಕಿನ ಮೇಲ್: ‘ನಿಮಗೆ ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ, ಇವತ್ತೇ ಕೊನೆ ದಿನ, ಇಲ್ಲಿ ಒತ್ತಿ’. ಬಟನ್ ಮೇಲೆ ಬೆರಳು ಒತ್ತಿ ಹಿಡಿದು ನೋಡಿದರೆ ಯಾವುದೋ ಮಾರ್ಕೆಟಿಂಗ್ ಕಂಪನಿಯ ವಿಳಾಸ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಕಳ್ಳರ ಮೇಲ್‌ನಲ್ಲೂ ಇದೇ ಅವಸರ, ಇದೇ ಬಟನ್ ಇರುತ್ತದೆ. ಗ್ರಾಹಕರಿಗೆ ಒತ್ತುವ ಅಭ್ಯಾಸ ಮಾಡಿಸಿದವರು ಯಾರು ಸ್ವಾಮಿ?

ಗ್ರಾಹಕರೇ ಏಮಾರಿ ಕಳ್ಳರಿಗೆ ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವರದೇ, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ನಿಮ್ಮ 2017ರ ಸುತ್ತೋಲೆ ಹೇಳಿತ್ತು. ಅಂದರೆ ಪ್ರತಿ ನಿಮಿಷಕ್ಕೂ ಬೆಲೆ ಇದೆ. ದುಡ್ಡು ಹೋದ ಗಾಬರಿಯಲ್ಲಿ ಬ್ಯಾಂಕಿನ ನಂಬರ್ ಎಲ್ಲಿ ಹುಡುಕುವುದು? ಗೂಗಲ್‌ನಲ್ಲಿ ಹುಡುಕಿದರೆ ಅಲ್ಲೂ ನಕಲಿ ಕಸ್ಟಮರ್ ಕೇರ್ ಕಾದು ಕೂತಿರುತ್ತದೆ.

ಹಾಗಾಗಿ ಕೇಳುವುದು ಜಾಸ್ತಿ ಏನಿಲ್ಲ. ಬ್ಯಾಂಕುಗಳ ಮೇಲ್‌ನಲ್ಲಿ ಲಿಂಕು, ಬಟನ್ ಬೇಡವೇ ಬೇಡ ಅನ್ನಿ. ‘ಆಪ್ ತೆರೆದು ನೋಡಿ’ ಎಂದರೆ ಸಾಕು. ಬ್ಯಾಂಕಿನ ಅಸಲಿ ವಿಳಾಸ, ಖಾತೆ ಬ್ಲಾಕ್ ಮಾಡಿಸುವ ನಂಬರ್, ಸೈಬರ್ ಸಹಾಯವಾಣಿ 1930, ಇಷ್ಟನ್ನು ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಿ. ಎಟಿಎಂ ಬಾಗಿಲಿಗೂ ಅಂಟಿಸಲಿ.

ಇಂತಿ,
ಉಳಿತಾಯ ಖಾತೆಯ ಒಬ್ಬ ಗ್ರಾಹಕ,
ದಾವಣಗೆರೆ