ಸಣ್ಣ ಷೇರುದಾರರಿಗೂ ದನಿ ಇರಲಿ

ಕಂಪನಿಗಳ ವಿಲೀನವನ್ನು ಪ್ರಶ್ನಿಸುವ ದಾರಿ ಸಣ್ಣ ಷೇರುದಾರರಿಗೆ ಮುಚ್ಚಿದಂತೆಯೇ ಇದೆ. ತುಮಕೂರಿನ ನಮ್ಮ ಮನೆಗೆ ಮೊನ್ನೆ ಇಂಥದ್ದೊಂದು ವಿಲೀನದ ನೋಟಿಸ್ ಬಂತು. ಪೂರ್ತಿ ಇಂಗ್ಲಿಷ್. ನಿವೃತ್ತ ಮೇಷ್ಟ್ರಾದ ಅಪ್ಪ ಭೂತಗನ್ನಡಿ ಹಿಡಿದು, ತಮ್ಮ 40 ಷೇರಿಗೆ ಹೊಸ ಕಂಪನಿಯಲ್ಲಿ ಎಷ್ಟು ಸಿಗುತ್ತದೆ ಎಂದು ಸಂಜೆಯವರೆಗೆ ಹುಡುಕಿದರು. ಸಿಕ್ಕ ಲೆಕ್ಕ ಅನ್ಯಾಯ ಅನ್ನಿಸಿತು. ಆದರೆ 2013ರ ಕಂಪನಿ ಕಾಯ್ದೆಯ 230ನೇ ಸೆಕ್ಷನ್ ಪ್ರಕಾರ ಆಕ್ಷೇಪ ಎತ್ತಲು ಕನಿಷ್ಠ ಶೇ 10ರಷ್ಟು ಷೇರು ಇರಬೇಕು. ಮೇಷ್ಟ್ರು ಅಷ್ಟನ್ನು ಎಲ್ಲಿಂದ ತರಬೇಕು? ನಿರ್ದೇಶಕರು ಷೇರುದಾರರ ಹಿತ ಕಾಯಬೇಕು ಎನ್ನುತ್ತದೆ 166ನೇ ಸೆಕ್ಷನ್. ಕಾಯದಿದ್ದರೆ ಕೇಳುವವರೂ ಬೇಕಲ್ವಾ? ನಿರ್ದೇಶಕರ ತಪ್ಪಿನ ವಿರುದ್ಧ 100 ಸದಸ್ಯರು (ಅಂದರೆ ಷೇರುದಾರರು) ಸೇರಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಲು 245ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ವಿಲೀನದ ಆಕ್ಷೇಪಕ್ಕೂ ಅದೇ ನಿಯಮ ತರಬೇಕು. ನೋಟಿಸಿನ ಸಾರಾಂಶ ಕನ್ನಡದಲ್ಲೂ ಬರಲಿ.

– ಓದುಗ, ತುಮಕೂರು