ಲಿವರ್ ರೈಫಲ್ ಹಳತು, ಆದರೆ ನಿರುಪಯೋಗಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಬೆಳೆ ರಕ್ಷಣೆಯ ಕೋವಿಗಳ ಕುರಿತು ತಮ್ಮ ಪತ್ರಿಕೆಗೆ ಬರೆದ ಓದುಗರೊಬ್ಬರು, ಕರಾವಳಿಯ ಕೃಷಿಕರಿಗೆ ಅರೆ ಸ್ವಯಂಚಾಲಿತ ರೈಫಲ್‌ಗಳಿಗೆ ಪರವಾನಗಿ ನೀಡಬೇಕೆಂದೂ, ಲಿವರ್ ರೈಫಲ್‌ಗಳ ಕಾಲ ಮುಗಿಯಿತೆಂದೂ ಅಭಿಪ್ರಾಯಪಟ್ಟಿದ್ದಾರೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಸಾಮಾನ್ಯವಾಗಿ ಒಬ್ಬ ಪರವಾನಗಿದಾರ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಮನೆಯಲ್ಲಿರುವ ಒಂದೆರಡು ಕೋವಿಗಳೇ ಹತ್ತು ಕೆಲಸಕ್ಕೆ ಒದಗಬೇಕು ಎಂಬ ಅವರ ಮಾತು ಸರಿ. ಅದರಿಂದ ಅವರು ತಲುಪಿರುವ ತೀರ್ಮಾನವನ್ನು ಮಾತ್ರ ಒಪ್ಪಲಾಗದು.

ಅರೆ ಸ್ವಯಂಚಾಲಿತ ರೈಫಲ್‌ನಲ್ಲಿ ಸಿಡಿದ ತೋಟೆಯ ಅನಿಲವೋ ಹಿನ್ನೊದೆತವೋ ಖಾಲಿ ತೋಟೆಯನ್ನು ಹೊರಗೆಸೆದು ಮುಂದಿನದನ್ನು ನಳಿಗೆಗೆ ತಳ್ಳುತ್ತದೆ. ಟ್ರಿಗರ್ ಎಳೆದಷ್ಟು ಸಲ ಈಡು ಹಾರುತ್ತದೆ. ಲಿವರ್ ರೈಫಲ್‌ನಲ್ಲಿ ಟ್ರಿಗರ್‌ನ ಸುತ್ತಲಿರುವ ಹಿಡಿಕೆಯನ್ನು ಪ್ರತಿ ಸಲವೂ ಕೈಯಿಂದಲೇ ಕೆಳಗೆಳೆದು ಮೇಲಕ್ಕೆ ತರಬೇಕು. ಇವೆರಡನ್ನು ಹಳೆಯ ತಲೆಮಾರು, ಹೊಸ ತಲೆಮಾರು ಎಂದು ವಿಂಗಡಿಸುವುದೂ ಅಷ್ಟು ಸಮಂಜಸವಲ್ಲ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾದ ವಿಂಚೆಸ್ಟರ್ 1894 ಎಂಬ ಲಿವರ್ ರೈಫಲನ್ನೂ, 1906ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ರೆಮಿಂಗ್ಟನ್‌ನ ಅರೆ ಸ್ವಯಂಚಾಲಿತ ಬೇಟೆ ರೈಫಲನ್ನೂ ರೂಪಿಸಿದವರು ಜಾನ್ ಬ್ರೌನಿಂಗ್ ಎಂಬ ಒಬ್ಬರೇ.

ಅರೆ ಸ್ವಯಂಚಾಲಿತದ ಅನುಕೂಲಗಳನ್ನು ಅಲ್ಲಗಳೆಯುವಂತಿಲ್ಲ. ಗುರಿಯಿಂದ ಕಣ್ಣು ತೆಗೆಯದೆ ಎರಡನೆಯ ಈಡು ಹೊಡೆಯಬಹುದು. ಅನಿಲದಿಂದ ನಡೆಯುವ ಮಾದರಿಗಳಲ್ಲಿ ಭುಜಕ್ಕೆ ತಾಗುವ ಒದೆತವೂ ತುಸು ಮೃದು. ಆದರೆ ಅದರ ಯಂತ್ರ ನಡೆಯುವುದು ತೋಟೆಯ ಬಲದಿಂದ. ತೋಟೆ ಮಳೆಗಾಲದ ತೇವಕ್ಕೆ ಸಿಕ್ಕಿ ದುರ್ಬಲವಾದರೆ ಖಾಲಿ ತೋಟೆ ಪೂರ್ತಿ ಹೊರಬರದೆ ನಡುವೆ ಸಿಕ್ಕಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಚರ್ಮದ ಪಟ್ಟಿಗೂ ಬೂಸ್ಟು ಹಿಡಿಯುವ, ಎಣ್ಣೆ ಸವರಿದ ಕಬ್ಬಿಣವೂ ತುಕ್ಕು ಹಿಡಿಯುವ ಉಡುಪಿ, ಮಂಗಳೂರಿನ ಹವೆಯಲ್ಲಿ ಇದು ಸಣ್ಣ ವಿಷಯವಲ್ಲ. ಲಿವರ್ ರೈಫಲ್‌ಗೆ ತೋಟೆಯ ಬಲದ ಹಂಗಿಲ್ಲ; .357 ಮ್ಯಾಗ್ನಮ್ ಎಂಬ ಬಲವಾದ ತೋಟೆಗೆಂದು ಮಾಡಿದ ಲಿವರ್ ರೈಫಲ್‌ನಲ್ಲಿ ಅದಕ್ಕಿಂತ ಮೆತ್ತಗಿನ .38 ಸ್ಪೆಷಲ್ ತೋಟೆಯೂ ಸಾಮಾನ್ಯವಾಗಿ ತೊಡಕಿಲ್ಲದೆ ನಡೆಯುತ್ತದೆ. ಹೊರಗೆ ಕಾಣುವ ಅದರ ಕುದುರೆ (ಬಡಿದು ತೋಟೆ ಸಿಡಿಸುವ ಭಾಗ) ಎದ್ದಿದೆಯೋ ಇಳಿದಿದೆಯೋ ಎಂಬುದು ಜಗಲಿಯ ಮಂದ ಬೆಳಕಿನಲ್ಲೂ ಗೊತ್ತಾಗುತ್ತದೆ.

ಹಾಗೆಂದು ಅದರ ಕುಂದುಗಳನ್ನು ಮರೆಮಾಚುವುದೂ ಸಲ್ಲದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಕೂರುವ ಮಾದರಿಗಳಲ್ಲಿ ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ಹಿಂಬದಿಯಲ್ಲಿರುವ, ಬಡಿದರೆ ಕಿಡಿ ಹಾರುವ ಮದ್ದಿನ ಬಿಲ್ಲೆಗೆ ಒತ್ತಿಕೊಂಡಿರುತ್ತದೆ; ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಒದೆತಕ್ಕೆ ಅಲ್ಲೇ ಸಿಡಿಯುವ ಅಪಾಯವಿದೆ. ಅದಕ್ಕಾಗಿಯೇ ಚಪ್ಪಟೆ ಮೂತಿಯ ಗುಂಡು ಬಳಸುತ್ತಾರೆ, ಅದು ದೂರದ ಗುರಿಗೆ ಅಷ್ಟು ಹೊಂದುವುದಿಲ್ಲ. ಇನ್ನೂ ಮುಖ್ಯವಾದದ್ದು ಕೋವಿ ಖಾಲಿ ಮಾಡುವ ಕ್ರಮ. ಅರೆ ಸ್ವಯಂಚಾಲಿತದ ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಕಳಚಿ, ನಳಿಗೆಯಲ್ಲಿ ಉಳಿದಿರುವ ಒಂದು ತೋಟೆಯನ್ನು ಮರೆಯದೆ ತೆಗೆದರೆ ಮುಗಿಯಿತು. ಪಕ್ಕದಿಂದ ತೋಟೆ ತುಂಬುವ ಹಳೆಯ ಲಿವರ್ ರೈಫಲ್‌ನಲ್ಲಾದರೆ ಪ್ರತಿಯೊಂದನ್ನೂ ಲಿವರ್ ಎಳೆದೇ ಹೊರಹಾಕಬೇಕು. ಪ್ರತಿ ಎಳೆತಕ್ಕೂ ಕುದುರೆ ಏಳುತ್ತದೆ. ಮಕ್ಕಳು, ಕೆಲಸದವರು ಓಡಾಡುವ ಅಂಗಳದಲ್ಲಿ ಆ ಕೆಲಸಕ್ಕೆ ಇಳಿಯಬಾರದು.

ಇಷ್ಟಾದರೂ ನಾನು ಲಿವರ್ ರೈಫಲ್‌ನ ಪರವಾಗಿರುವುದಕ್ಕೆ ನಮ್ಮ ನೆಲವೇ ಕಾರಣ. ಇಲ್ಲಿ ತೋಟಕ್ಕೊಂದು ಮನೆ, ಗುಡ್ಡದ ಆಚೆ ಇನ್ನೊಂದು ಮನೆ, ನಡುವೆ ಶಾಲೆಗೆ ಹೋಗುವ ದಾರಿ. ಚಿಕ್ಕದೆನಿಸುವ .22 ಗುಂಡೂ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು. ಕೆಂಪುಕಲ್ಲಿನ ಪಾಗಾರಕ್ಕೆ ತಾಗಿ ಎತ್ತ ಚಿಮ್ಮೀತೆಂದು ಹೇಳಲಾಗದು. ಇಂತಲ್ಲಿ ಎರಡನೆಯ ಈಡು ಬೇಗ ಹಾರುವುದು ಗುಣವೆಂದು ನನಗೆ ಅನಿಸುವುದಿಲ್ಲ. ಲಿವರ್ ಎಳೆಯುವ ಒಂದು ಕ್ಷಣದಲ್ಲಿ ಅಡಿಕೆ ಮರಗಳ ಹಿಂದೆ ಏನಿದೆ ಎಂದು ನೋಡಿಕೊಳ್ಳಲು ಸಾಧ್ಯ. ನಿಜ ಹೇಳಬೇಕೆಂದರೆ, ಹತ್ತಿರದ ಕೆಲಸಕ್ಕೆ ಚರೆ ಹಾರಿಸುವ 12 ಬೋರಿನ ಒಂಟಿ ನಳಿಗೆ ಕೋವಿ ಇವೆರಡಕ್ಕಿಂತಲೂ ಮೇಲು.

ಕಾನೂನಿನ ಅಂಶವನ್ನೂ ಆ ಓದುಗರು ಗಮನಿಸಿದಂತಿಲ್ಲ. 2016ರ ಆಯುಧ ನಿಯಮಗಳಲ್ಲಿ ಅರೆ ಸ್ವಯಂಚಾಲಿತ ರೈಫಲ್‌ಗಳು ಜಿಲ್ಲಾಧಿಕಾರಿಗಳು ಪರವಾನಗಿ ಕೊಡುವ ಸಾಮಾನ್ಯ ವರ್ಗದಲ್ಲಿಲ್ಲ. ಸಾಮಾನ್ಯ ಪರವಾನಗಿದಾರರಿಗೆ ವಿದೇಶಿ ಕೋವಿಯ ಆಮದು ಮುಚ್ಚಿ ದಶಕಗಳೇ ಕಳೆದಿವೆ. ಲಿವರ್ ರೈಫಲ್ ಕೂಡ ಹಿರಿಯರಿಂದ ಬಂದಿದ್ದರೆ ಅಥವಾ ಹಳೆಯದನ್ನು ಕೊಂಡರೆ ಸಿಗುವುದೇ ಹೆಚ್ಚು. ಬೆಳೆ ರಕ್ಷಣೆಯ ಪರವಾನಗಿ 1972ರ ವನ್ಯಜೀವಿ ಕಾಯ್ದೆಯಿಂದ ವಿನಾಯಿತಿಯನ್ನೂ ಕೊಡುವುದಿಲ್ಲ. ರೈಫಲ್ ಬೇಕೇ ಬೇಕೆನ್ನುವವರು ನಮ್ಮ ಸರಕಾರಿ ಕಾರ್ಖಾನೆಗಳು ತಯಾರಿಸಿರುವ .315 ಬೋಲ್ಟ್ ರೈಫಲ್‌ನತ್ತ (ಪ್ರತಿ ಈಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳುವಂಥದ್ದು) ಮೊದಲು ನೋಡಲಿ. ಅದಕ್ಕೆ ತೋಟೆಯಾದರೂ ಇಲ್ಲೇ ತಯಾರಾಗುತ್ತದೆ.

ಇಂತು,
ಓರ್ವ ಅಡಿಕೆ ಕೃಷಿಕ,
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ