ಜಪಾನಿನ ಹಮಾಮತ್ಸುವಿನಲ್ಲಿರುವ ಮೊಮ್ಮಗಳಿಗೆ

ಸಾವೊ ಪೌಲೊ, ಬ್ರೆಜಿಲ್

ಮುದ್ದು ಮೊಮ್ಮಗಳೇ,

ನಿನ್ನ ಫೋನ್ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ಮೇಲೆ ಮಗನ ಜೊತೆ ಮನೆಯಲ್ಲೂ ನಮ್ಮ ಬ್ರೆಜಿಲಿನ ಪೋರ್ಚುಗೀಸ್ ಆಡೋದಿಲ್ಲ ಅಂದೆಯಲ್ಲ, ಅದಕ್ಕೇ ಈ ಕಾಗದ. ಬೇಡಮ್ಮ, ಹಾಗೆ ಮಾಡಬೇಡ.

ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅಪ್ಪ-ಅಮ್ಮ ಜಪಾನಿನಿಂದ ಇಲ್ಲಿಗೆ ಬಂದರು. ಇಳಿದದ್ದು ಸಾಂಟೋಸ್ ಬಂದರಿನಲ್ಲಿ. 1908ರಲ್ಲಿ ಕಸಾತೊ ಮಾರು ಹಡಗು ಕಾಫಿ ತೋಟದ ಕೆಲಸಕ್ಕೆಂದು 781 ಜಪಾನೀಯರನ್ನು ತಂದು ಇಳಿಸಿದ್ದೂ ಅಲ್ಲೇ. ನಾವು ಆ ಊರಲ್ಲೇ ಉಳಿದೆವು. ಎರಡನೇ ಮಹಾಯುದ್ಧ ಬಂದಾಗ ಜಪಾನೀ ಶಾಲೆಗಳು ಆಗಲೇ ಮುಚ್ಚಿದ್ದವು. ಬೀದಿಯಲ್ಲಿ ನಮ್ಮ ಮಾತು ಆಡುವಂತಿರಲಿಲ್ಲ. 1943ರ ಜುಲೈನಲ್ಲಿ, 24 ಗಂಟೆಯೊಳಗೆ ಊರು ಬಿಡಿ ಅಂತ ಆಜ್ಞೆ ಬಂತು. ನನಗೆ ಏಳು ವರ್ಷ. ಹೊರಡುವ ಮೊದಲು ಅಪ್ಪ ಜಪಾನೀ ಪುಸ್ತಕಗಳನ್ನೆಲ್ಲ ಹಿತ್ತಲಲ್ಲಿ ಹೂತರು. ಆಮೇಲೆ ನಮ್ಮ ಜೊತೆ ಹರಕುಮುರುಕು ಪೋರ್ಚುಗೀಸಿನಲ್ಲೇ ಮಾತಾಡಿದರು. ನಮ್ಮ ಒಳ್ಳೆಯದಕ್ಕೇ, ನಿನ್ನ ಹಾಗೇ. ಆ ಭಾಷೆಯಲ್ಲಿ ಅವರಿಗೆ ಬೈಯಲು ಬರುತ್ತಿತ್ತು, ಲೆಕ್ಕ ಹೇಳಲು ಬರುತ್ತಿತ್ತು. ಜಪಾನಿನಲ್ಲಿ ಬಿಟ್ಟುಬಂದ ತಮ್ಮ ಅಮ್ಮನ ಬಗ್ಗೆ ಹೇಳಲು ಬರುತ್ತಿರಲಿಲ್ಲ. ನನ್ನ ಅಜ್ಜಿ ಎಂಥವರಾಗಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಕಾಲದ ಅನ್ಯಾಯಕ್ಕೆ ಬ್ರೆಜಿಲ್ ಸರ್ಕಾರ 2024ರಲ್ಲಿ ಕ್ಷಮೆ ಕೇಳಿತು. ಸುದ್ದಿ ಕೇಳಿ ಅತ್ತುಬಿಟ್ಟೆ. ಕೇಳಿಸಿಕೊಳ್ಳಲು ಅಪ್ಪ ಇರಲಿಲ್ಲ.

ಹಾಗಂತ ಜಪಾನೀ ಕಲಿಯೋದು ಬಿಡಬೇಡ. 1990ರಲ್ಲಿ ಅಲ್ಲಿನ ಕಾನೂನು ಬದಲಾಗಿ ನಮ್ಮಂಥ ಜಪಾನೀ ಮೂಲದವರು ಅಲ್ಲಿ ಕೆಲಸ ಮಾಡುವಂತಾದ ಮೇಲೆ ನಿನ್ನ ಅಪ್ಪನೂ ಕಾರ್ಖಾನೆ ಕೆಲಸಕ್ಕೆ ಹೋದ. ಎರಡು ವರ್ಷ ಅಂದವನು ಹನ್ನೆರಡು ವರ್ಷ ಇದ್ದ. ಹೇಗೂ ವಾಪಸ್ ಹೋಗುವವನಿಗೆ ಸುಮ್ನೆ ಯಾಕೆ ಅಂತ ಅಕ್ಷರ ಕಲಿಯಲಿಲ್ಲ. ಆಸ್ಪತ್ರೆಯ ಚೀಟಿಯನ್ನೂ ಬೇರೆಯವರ ಹತ್ತಿರ ಓದಿಸಬೇಕಿತ್ತು. ನೀನು ಸಂಜೆ ತರಗತಿಗೆ ಸೇರು. ವಿದೇಶಿ ಮಕ್ಕಳಿಗೆ ಅಲ್ಲಿ ಶಾಲೆ ಕಡ್ಡಾಯವಲ್ಲ, ಯಾರೋ ಬಂದು ಕರೀತಾರೆ ಅಂತ ಕಾಯಬೇಡ. ನೀನೇ ಹೋಗಿ ಹುಡುಗನ ಹೆಸರು ಬರೆಸು. ಯಾವ ದಿನ ಯಾವ ಕಸ ಹೊರಗೆ ಹಾಕಬೇಕು ಅಂತ ತಿಳಿದುಕೋ. ಪಕ್ಕದ ಮನೆಯವರನ್ನು ನೀನೇ ಮೊದಲು ಮಾತಾಡಿಸು.

ಇಲ್ಲಿ ನಮ್ಮನ್ನು ಜಪಾನಿನವರು ಅಂದರು, ಅಲ್ಲಿ ನಿನ್ನನ್ನು ಬ್ರೆಜಿಲಿನವಳು ಅಂತಾರೆ. ಮುಖ ಅವರ ಹಾಗೇ ಇರೋದರಿಂದ ನೋವು ಇನ್ನೂ ಜಾಸ್ತಿ, ಅಲ್ವಾ? ನೀನು ಯಾರು ಅಂತ ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ಪರ್ಸಿಮನ್ ಹಣ್ಣಿಗೆ ನಮ್ಮವರು ತಂದ ‘ಕಾಕಿ’ ಅನ್ನೋ ಜಪಾನೀ ಹೆಸರನ್ನೇ ಇಲ್ಲಿ ಸಂತೆಯವರೆಲ್ಲ ಇಟ್ಟುಕೊಂಡಿದ್ದಾರೆ. ಅದು ಯಾರ ಮಾತು ಅಂತ ಯಾರೂ ಕೇಳುವುದಿಲ್ಲ.

ಭಾನುವಾರ ಫೋನ್ ಮಾಡಿ ಹುಡುಗನ ಕೈಗೆ ಕೊಡು. ಹಿತ್ತಲಲ್ಲಿ ಹೂತ ಪುಸ್ತಕಗಳ ಕಥೆಯನ್ನು ಅವನಿಗೆ ಪೋರ್ಚುಗೀಸಿನಲ್ಲಿ ಹೇಳಬೇಕು. ನನಗೆ ಎಂಬತ್ತೊಂಬತ್ತಾಯಿತು. ತಡ ಮಾಡಬೇಡ.

ನಿನ್ನ ಬಾಚಾನ್ (ಅಜ್ಜಿ)